36ನೇ ಕಿಲೋಮೀಟರಿಗೆ ಬಾರದ ಡ್ರಾಪ್ ಬ್ಯಾಗ್: ರೇಸ್ ಡೈರೆಕ್ಟರ್ ಅವರಿಗೊಂದು ದೂರು

ಇವರಿಗೆ,
ರೇಸ್ ಡೈರೆಕ್ಟರ್ ಅವರು

ವಿಷಯ: ಚಂದ್ರದ್ರೋಣ ಬೆಟ್ಟಸಾಲಿನ 60 ಕಿ.ಮೀ. ಟ್ರೇಲ್ ಓಟದಲ್ಲಿ ಡ್ರಾಪ್ ಬ್ಯಾಗ್ (ನಡುದಾರಿಯಲ್ಲಿ ಓಟಗಾರರಿಗೆ ಸಿಗಬೇಕಾದ ಅವರದೇ ಸಾಮಾನಿನ ಚೀಲ) ತಲುಪಿಸದ ಬಗ್ಗೆ, ಫಲಿತಾಂಶ ತಪ್ಪಾಗಿ ದಾಖಲಿಸಿದ ಬಗ್ಗೆ

ಮಾನ್ಯರೇ,

ಕಳೆದ ನವೆಂಬರ್‌ನಲ್ಲಿ ನೀವು ನಡೆಸಿದ ಓಟದಲ್ಲಿ ನಾನು ಬಿಬ್ (ಎದೆಗೆ ಹಚ್ಚುವ ಸಂಖ್ಯೆಯ ಚೀಟಿ) ಸಂಖ್ಯೆ 217. ಓಟ ಮುಗಿದ ಮೂರನೇ ದಿನ ನಿಮಗೆ ಇಮೇಲ್ ಕಳಿಸಿದ್ದೆ. "ಫಾರಂಗೆ ಸಹಿ ಹಾಕಿದ್ದೀರಿ, ಸಾಮಾನು ಓಟಗಾರರ ಸ್ವಂತ ಜವಾಬ್ದಾರಿ" ಎಂದು ಎರಡು ಸಾಲಿನ ಉತ್ತರ ಬಂತು. ಆ ಉತ್ತರವನ್ನು ನಾನು ಒಪ್ಪಲಾರೆ. ಅದಕ್ಕೇ ಅಂದು ನಡೆದದ್ದನ್ನು ವೇಳೆ ಸಮೇತ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ನಾನು ಮೈಸೂರಿನವಳು, ವಯಸ್ಸು 44. ಈ ಓಟಕ್ಕೆಂದು ಏಳು ತಿಂಗಳು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಇಳಿದೆ, ಭಾನುವಾರ ಮೂರು ಸಲ, ಸಾಧ್ಯವಾದರೆ ನಾಲ್ಕು ಸಲ. ಶುಲ್ಕ 5,500 ರೂಪಾಯಿ ಕಟ್ಟಿದೆ. ಹಿಂದಿನ ಸಂಜೆ ಕಾರನ್ನು ನೀವು ಹೇಳಿದಂತೆ ಫಿನಿಶ್ ಜಾಗದ ಎಸ್ಟೇಟ್ ಅಂಗಳದಲ್ಲಿ ನಿಲ್ಲಿಸಿ, ಬೆಳಗಿನ ಜಾವ 3 ಗಂಟೆಗೆ ನಿಮ್ಮ ಬಸ್ಸಿನಲ್ಲೇ ಕೆಮ್ಮಣ್ಣುಗುಂಡಿಗೆ ಬಂದೆ. ಸುತ್ತು ಹೊಡೆದು ಹೊರಟಲ್ಲಿಗೇ ಮರಳುವ ಓಟವಾಗಿದ್ದರೆ ನನ್ನ ಸಾಮಾನು ನನ್ನ ಕಾರಿನಲ್ಲೇ ಇರುತ್ತಿತ್ತು. ಇಲ್ಲಿ ಹಾಗಲ್ಲ. ಒಂದು ತುದಿಯಲ್ಲಿ ಹೊರಟು ಇನ್ನೊಂದು ತುದಿಯಲ್ಲಿ ಇಳಿಯುವವರಿಗೆ ನಡುವೆ ಸಿಗುವ ಸ್ವಂತ ವಸ್ತು ಅಂದರೆ ಆ ಡ್ರಾಪ್ ಬ್ಯಾಗ್ ಒಂದೇ. ಅದನ್ನು ನಿಮ್ಮ ಹುಡುಗರೇ ಸಹಿ ಮಾಡಿ ನನ್ನ ಕೈಯಿಂದ ಇಸಿದುಕೊಂಡರು.

ಬ್ಯಾಗಿನಲ್ಲಿ ಏನಿತ್ತು ಎಂದು ಹೇಳಿಬಿಡುತ್ತೇನೆ. ಹೆಡ್‌ಲ್ಯಾಂಪ್, ಹೊಸ ಬ್ಯಾಟರಿ, ಗಾಳಿ ತಡೆಯುವ ಜಾಕೆಟ್, ಎರಡು ಜೊತೆ ಒಣ ಕಾಲುಚೀಲ, ಒಣ ಅಂಗಿ, ಅಕ್ಕ ಕಟ್ಟಿಕೊಟ್ಟ ಆರು ರಾಗಿ ಉಂಡೆ. ಹೆಡ್‌ಲ್ಯಾಂಪನ್ನೂ ಜಾಕೆಟ್ಟನ್ನೂ 36ನೇ ಕಿ.ಮೀ.ಯ ಚೆಕ್‌ಪಾಯಿಂಟ್‌ನಲ್ಲಿ ತಪಾಸಣೆ ಮಾಡುತ್ತೇವೆ, ಅಲ್ಲಿಯವರೆಗೆ ಡ್ರಾಪ್ ಬ್ಯಾಗಿನಲ್ಲಿಡಬಹುದು ಎಂದು ನಿಮ್ಮ ಮಾರ್ಗಸೂಚಿಯಲ್ಲೇ ಇದೆ. ಅದನ್ನು ಓದಿಯೇ ಹಾಗೆ ಇಟ್ಟೆ.

ದಾರಿಯ ಬಗ್ಗೆ ನನ್ನ ದೂರಿಲ್ಲ. ಗುರುತಿನ ರಿಬ್ಬನ್ ಎಲ್ಲೂ ತಪ್ಪಲಿಲ್ಲ, ನೀರು ಹೇಳಿದ ಜಾಗದಲ್ಲೆಲ್ಲ ಇತ್ತು. ಶೋಲಾ ಕಾಡಿನೊಳಗೆ ಇಂಬಳ ಹತ್ತಿದ್ದು, ಹುಲ್ಲಿನ ನೆತ್ತಿಯ ಮೇಲೆ ಗಾಳಿ ಅಡ್ಡಡ್ಡ ತಳ್ಳಿದ್ದು, ಇದೆಲ್ಲ ಬೆಟ್ಟದ ಓಟದಲ್ಲಿ ಇದ್ದದ್ದೇ. ಅದಕ್ಕೇ ಫಾರಂಗೆ ಸಹಿ ಹಾಕಿದ್ದು.

ಬಾಬಾ ಬುಡನ್‌ಗಿರಿ ಹತ್ತಿರದ ಆ ಚೆಕ್‌ಪಾಯಿಂಟ್ ತಲುಪಿದಾಗ ಮಧ್ಯಾಹ್ನ 2.50. ಕಟ್‌ಆಫ್, ಅಂದರೆ ಅಲ್ಲಿಂದ ಮುಂದೆ ಹೊರಡಲು ಕೊನೆಯ ವೇಳೆ, 4 ಗಂಟೆ. ಎಪ್ಪತ್ತು ನಿಮಿಷ ಕೈಯಲ್ಲಿತ್ತು, ಕಾಲಲ್ಲಿ ಶಕ್ತಿಯೂ ಇತ್ತು. ಟಾರ್ಪಾಲಿನ ಮೇಲೆ ಜೋಡಿಸಿದ್ದ ಬ್ಯಾಗ್‌ಗಳಲ್ಲಿ ನನ್ನದು ಇರಲಿಲ್ಲ. 150ರ ಮೇಲಿನ ಬಿಬ್‌ನ ಒಬ್ಬರದ್ದೂ ಇರಲಿಲ್ಲ. ಅಲ್ಲಿದ್ದ ಸ್ವಯಂಸೇವಕ ಹುಡುಗ ವಾಕಿಟಾಕಿಯಲ್ಲಿ ಕೇಳಿ, "ಎರಡನೇ ಪಿಕಪ್ ಬರ್ತಿದೆ ಮೇಡಂ, ಇನ್ನರ್ಧ ಗಂಟೆ" ಅಂದ. ಹೆಡ್‌ಲ್ಯಾಂಪ್ ಇಲ್ಲದೆ ಮುಂದೆ ಬಿಡುವಂತಿಲ್ಲ ಎಂದೂ ಹೇಳಿದ. ಆ ನಿಯಮ ಸರಿಯಾದದ್ದೇ. ನವೆಂಬರ್‌ನಲ್ಲಿ 6 ಗಂಟೆಗೆಲ್ಲ ಕತ್ತಲು, ಇನ್ನೂ 24 ಕಿ.ಮೀ. ಬಾಕಿ. ಕಾದೆ. 3.30ಕ್ಕೂ ಅದೇ ಮಾತು, 3.50ಕ್ಕೂ ಅದೇ ಮಾತು. 4 ಗಂಟೆಗೆ ನಿಮ್ಮ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದು ಕಟ್‌ಆಫ್ ಮುಗಿಯಿತೆಂದು ಬಿಬ್‌ನಲ್ಲಿದ್ದ, ವೇಳೆ ದಾಖಲಿಸುವ ಚಿಪ್ ಕಿತ್ತುಕೊಂಡರು. ಕಾಯಿರಿ ಎಂದವರೂ ನಿಮ್ಮವರು, ವೇಳೆ ಮೀರಿತು ಎಂದವರೂ ನಿಮ್ಮವರು.

ಆಮೇಲಿನ ಮೂರು ಗಂಟೆಯೇ ನನ್ನ ದೂರಿನ ಮುಖ್ಯ ಭಾಗ. ನಾವು ಏಳು ಜನ ಅಲ್ಲೇ ಉಳಿದೆವು. ಜೀಪು ಹೋಯಿತು, ನಮ್ಮನ್ನು ಇಳಿಸಲು ಬೇರೆ ವಾಹನ ಇರಲಿಲ್ಲ. ಓಡುವಾಗ ಮೈ ಬಿಸಿಯಿರುತ್ತದೆ, ಬೆವರಿಗೆ ಒದ್ದೆಯಾದ ಅಂಗಿಯ ಅರಿವೇ ಆಗುವುದಿಲ್ಲ. ನಿಂತ ಹತ್ತೇ ನಿಮಿಷಕ್ಕೆ ಅದೇ ಅಂಗಿ ಗಾಳಿಗೆ ಮಂಜುಗಡ್ಡೆಯಂತೆ ಬೆನ್ನಿಗೆ ಅಂಟಿಕೊಳ್ಳುತ್ತದೆ. ನಮ್ಮಲ್ಲಿ ಅರವತ್ತರ ಹತ್ತಿರದ ಹಿರಿಯರೊಬ್ಬರಿದ್ದರು. 5.30ರ ಹೊತ್ತಿಗೆ ಅವರ ನಡುಕ ನಿಲ್ಲಲೇ ಇಲ್ಲ. ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಬೆರಳು ಬಗ್ಗುತ್ತಿರಲಿಲ್ಲ. ಹೆಸರು ಕೇಳಿದರೆ ಮಾತು ತೊದಲಿತು. ಸ್ವಯಂಸೇವಕ ಹುಡುಗ ತನ್ನ ಸ್ವೆಟರ್ ಬಿಚ್ಚಿ ಅವರಿಗೆ ತೊಡಿಸಿದ. ಬ್ಯಾಗ್ ಜೋಡಿಸಿದ್ದ ಟಾರ್ಪಾಲನ್ನೇ ಎತ್ತಿ ಅವರಿಗೆ ಸುತ್ತಿ, ಎರಡೂ ಪಕ್ಕದಲ್ಲಿ ನಾವು ಒತ್ತಿಕೊಂಡು ಕೂತೆವು. ಅಲ್ಲಿ ಒಂದು ಕಂಬಳಿಯಿಲ್ಲ, ವೈದ್ಯರಿಲ್ಲ, ಬಿಸಿನೀರೂ ಇಲ್ಲ. ಆ ಹುಡುಗನಿಗೆ ನಾನು ಋಣಿ. ಬರೀ ಟೀ ಶರ್ಟಿನಲ್ಲಿ 7.15ರವರೆಗೆ ನಿಂತ. ಅವನ ಮೇಲೆ ನೀವು ಯಾವ ಕ್ರಮವನ್ನೂ ತೆಗೆದುಕೊಳ್ಳಬಾರದು ಎಂದು ಇಲ್ಲಿಯೇ ಕೇಳಿಕೊಳ್ಳುತ್ತೇನೆ.

ಚೀನಾದ ಗಾನ್ಸು ಪ್ರಾಂತ್ಯದಲ್ಲಿ 2021ರ ಮೇ 22ರಂದು 100 ಕಿ.ಮೀ. ಬೆಟ್ಟದ ಓಟದಲ್ಲಿ ಏನಾಯಿತೆಂದು ಓಟ ನಡೆಸುವ ನಿಮಗೆ ತಿಳಿದಿರಲೇಬೇಕು. ದಿಢೀರನೆ ಬಿರುಗಾಳಿ, ಆಲಿಕಲ್ಲು, ಚಳಿಮಳೆ ಬಂದು 21 ಓಟಗಾರರು ಸತ್ತರು. ಜಾಕೆಟ್ ಅಲ್ಲಿ ಕಡ್ಡಾಯವಾಗಿರಲಿಲ್ಲ. ಹಲವರು ಬೆಚ್ಚನೆಯ ಬಟ್ಟೆಯನ್ನು ಮುಂದಿನ ಚೆಕ್‌ಪಾಯಿಂಟ್‌ಗೆ ಹೋಗುವ ಬ್ಯಾಗಿನಲ್ಲಿಟ್ಟು ಕಳಿಸಿದ್ದರು. ಗುಹೆಯಲ್ಲಿ ಬೆಂಕಿ ಹಾಕಿ ಆರು ಜನರನ್ನು ಉಳಿಸಿದವನು ಆ ಊರಿನ ಒಬ್ಬ ಕುರಿಗಾಹಿ. ನಮ್ಮ ಬೆಟ್ಟದಲ್ಲಿ ಅಂದು ಮಳೆ ಬರಲಿಲ್ಲ. ಬಂದಿದ್ದರೆ ಆ ಹಿರಿಯರ ಗತಿ ಏನಾಗುತ್ತಿತ್ತು ಎಂಬ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ರಾತ್ರಿ 9ಕ್ಕೆ ಫಿನಿಶ್ ತಲುಪಿದೆವು. ಅಂಗಳದ ಮೂಲೆಯಲ್ಲಿ ಇಬ್ಬನಿಯಲ್ಲಿ ನೆನೆಯುತ್ತ ಬ್ಯಾಗ್‌ಗಳ ರಾಶಿ ಬಿದ್ದಿತ್ತು. ಅದರಲ್ಲೇ ನನ್ನದು. ಹಳದಿ ಟ್ಯಾಗ್ ಕಟ್ಟಿದ ಹಾಗೇ ಇತ್ತು. ಅದರ ಮೇಲೆ ನಿಮ್ಮದೇ ಮುದ್ರಣ, "36 ಕಿ.ಮೀ.", ಕೆಳಗೆ ಮಾರ್ಕರಿನಲ್ಲಿ 217. ಪಿಕಪ್ಪಿನ ಚಾಲಕರನ್ನು ಕೇಳಿದೆ. "ನೇರ ಫಿನಿಶ್‌ಗೆ ಹೋಗಿ ಅಂದ್ರಕ್ಕಾ, ಮಧ್ಯಾಹ್ನ 12ಕ್ಕೇ ಬಂದಿದೀನಿ" ಅಂದರು. ಅಂದರೆ 2.50ಕ್ಕೆ ನಾನು ಕಾಯುತ್ತ ಕೂತಾಗ ಬ್ಯಾಗ್ ಫಿನಿಶ್‌ಗೆ ಬಂದು ಮೂರು ಗಂಟೆಯಾಗುತ್ತ ಬಂದಿತ್ತು. ಒಬ್ಬರೂ ಎಣಿಸಿ ನೋಡಿರಲಿಲ್ಲ.

ಇಷ್ಟೆಲ್ಲ ಆದಮೇಲೆ ಫಲಿತಾಂಶ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ "ಸ್ವಇಚ್ಛೆಯಿಂದ ಹಿಂದೆ ಸರಿದರು" ಎಂದು ಬರೆದಿದ್ದೀರಿ. ನಾನು ಹಿಂದೆ ಸರಿಯಲಿಲ್ಲ. ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ಆ ಸಾಲು. ಬಿದ್ದರೆ, ಕಾಲು ಉಳುಕಿದರೆ, ದಾರಿಯಲ್ಲಿ ಸುಸ್ತಾದರೆ ಅದು ನನ್ನ ಜವಾಬ್ದಾರಿ. ನಿಮ್ಮ ಕೈಗೆ ಕೊಟ್ಟ ಬ್ಯಾಗ್ ನಿಮ್ಮ ಗಾಡಿಯಲ್ಲಿ ತಪ್ಪು ಜಾಗಕ್ಕೆ ಹೋದರೆ ಅದು ಹೇಗೆ ನನ್ನ ಜವಾಬ್ದಾರಿಯಾಗುತ್ತದೆ?

ನಮ್ಮ ಏಳೂ ಜನರ ದಾಖಲೆ ತಿದ್ದಿ, ಆಯೋಜಕರ ಲೋಪದಿಂದ ಓಟ ನಿಂತಿತು ಎಂದು ಪ್ರಕಟಿಸಬೇಕು. ಶುಲ್ಕ ಪೂರ್ತಿ ಹಿಂದಿರುಗಿಸಬೇಕು. ಮುಂದಿನ ಓಟದಿಂದ ಜಾಕೆಟ್, ಹೆಡ್‌ಲ್ಯಾಂಪ್ ಎರಡನ್ನೂ ಆರಂಭದಿಂದಲೇ ಮೈಮೇಲೆ ಹೊರುವುದನ್ನು ಕಡ್ಡಾಯ ಮಾಡಬೇಕು. ಡ್ರಾಪ್ ಬ್ಯಾಗ್ ಕೊಡುವ ಚೆಕ್‌ಪಾಯಿಂಟ್‌ನಲ್ಲಿ ಮೊದಲ ಓಟಗಾರ ಬರುವ ಮುಂಚೆ ಬ್ಯಾಗ್ ಎಣಿಸಬೇಕು. ಓಟ ನಿಲ್ಲಿಸಿದವರನ್ನು ಇಳಿಸಲು ಅಲ್ಲೊಂದು ವಾಹನ, ಕಂಬಳಿ, ಬಿಸಿನೀರು ಕೊನೆಯವರೆಗೂ ಇರಬೇಕು.

ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬೇಕು. ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆ ಎಂದು ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. ನಾನಿರುವ ಊರಿನಲ್ಲೇ ದೂರು ಸಲ್ಲಿಸಲು ಆ ಕಾಯ್ದೆಯಲ್ಲಿ ಅವಕಾಶವಿದೆ. ಶುಲ್ಕ ಕಟ್ಟಿದ ರಸೀದಿ, ಗಡಿಯಾರದ ಜಿಪಿಎಸ್ ದಾಖಲೆ, ಟ್ಯಾಗ್ ಸಹಿತ ಬ್ಯಾಗಿನ ಫೋಟೊ ಲಗತ್ತಿಸಿದ್ದೇನೆ. ಟ್ಯಾಗನ್ನು ಬಿಚ್ಚಿಲ್ಲ, ಹಾಗೇ ಇಟ್ಟಿದ್ದೇನೆ.

ಇತಿ,
ಬಿಬ್ ಸಂಖ್ಯೆ 217
ಮೈಸೂರು