ಅಂಗಡಿ ಕೀಲಿ ಕೊಟ್ಟು ಒಂದು ವರ್ಷ

ಶಿರಸಿಯ ನಮ್ಮ ಮೋಟಾರ್ ವೈಂಡಿಂಗ್ ಅಂಗಡಿಯ ಕೀಲಿಯನ್ನು ನನ್ನ ಜೊತೆ ಕೆಲಸಕ್ಕಿದ್ದ ಹುಡುಗನ ಕೈಗೆ ಕೊಟ್ಟು ಇವತ್ತಿಗೆ ಒಂದು ವರ್ಷ. 18 ವರ್ಷ ಸುಟ್ಟ ಪಂಪ್‌ಸೆಟ್ ಬಿಚ್ಚಿ, ತಾಮ್ರದ ತಂತಿ ಸುತ್ತಿ, ವಾರ್ನಿಷ್ ವಾಸನೆಯಲ್ಲೇ ಊಟ ಮಾಡಿದವನು ನಾನು. ಈಗ ಸಣ್ಣ ಅಂಗಡಿಯವರ ಜೊತೆ ಕೂತು ಅವರ ಲೆಕ್ಕ, ದರ, ಬಾಕಿ ನೋಡಿ ದಾರಿ ಹೇಳುವ ಕೆಲಸ. ಬಿಸಿನೆಸ್ ಕೋಚ್ ಅಂತ ಕಾರ್ಡ್ ಮಾಡಿಸಿದ್ದೇನೆ. ಅಮ್ಮ ಮಾತ್ರ ಕೇಳಿದವರಿಗೆಲ್ಲ "ಮಗ ಟ್ಯೂಷನ್ ಹೇಳ್ತಾನೆ" ಅನ್ನುತ್ತಾಳೆ. ಇರಲಿ.

ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ ಇದ್ದಾರೆ. ಮೊದಲು ಹೆಂಡತಿಗೆ.

2020ರಲ್ಲಿ ಮಾರಿಕಾಂಬಾ ಜಾತ್ರೆ ಮುಗಿದು ಇನ್ನೂ ಪೇಟೆಯ ಧೂಳು ಇಳಿದಿರಲಿಲ್ಲ, ಲಾಕ್‌ಡೌನ್ ಬಂತು. ತೋಟಕ್ಕೆ ನೀರು ಬಿಡುವ ಕಾಲ, ನಮಗೆ ವರ್ಷದ ದುಡಿಮೆಯ ಕಾಲ, ಅದೇ ಹೊತ್ತಿಗೆ ಶಟರ್ ಎಳೆಯಬೇಕಾಯಿತು. ಮನೆಯಲ್ಲಿ ಸುಮ್ನೆ ಕೂತಿದ್ದಾಗ ಅವಳು ಉದ್ರಿ ಪುಸ್ತಕ ತೆಗೆದು ಮೂರು ದಿನ ಕೂಡಿಸಿದಳು. 3,84,000 ರೂಪಾಯಿ. ಅಂಗಡಿಯಲ್ಲಿದ್ದ ಮಾಲಿಗಿಂತ ಊರಲ್ಲಿದ್ದ ಬಾಕಿಯೇ ಜಾಸ್ತಿ! "ನಿಮ್ಮ ಕೈ ಒಳ್ಳೇದು, ಬಾಯಿ ಇಲ್ಲ" ಅಂದಳು, ಅಷ್ಟೇ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಹುಲೇಕಲ್ ಕಡೆಯ ಹೆಗಡೆಯವರೊಬ್ಬರಿಗೂ ನಾನು ಋಣಿ. ನಡುಗುವ ಕೈಯಲ್ಲಿ ಮೊದಲು ಫೋನ್ ಮಾಡಿದ್ದು ಅವರಿಗೆ. ಎರಡು ವರ್ಷದ ಬಾಕಿ. "ನೀ ಕೇಳಿದ್ದೇ ಇಲ್ಲೆ ಮಾರಾಯಾ!" ಅಂತ ಅವರೇ ನನಗೆ ಬೈದರು. ಮರುವಾರ ದುಡ್ಡು ಬಂತು. ನಮ್ಮ ಕಡೆ ತೋಟಿಗರ ಕೈಗೆ ದುಡ್ಡು ಬರುವುದು ಅಡಿಕೆ ಮಾರಿದಾಗ, ಅದು ಎಲ್ಲರಿಗೂ ಗೊತ್ತು. ಹಾಗಾಗಿ ತಪ್ಪು ಅವರದಲ್ಲ. ಯಾವ ತಿಂಗಳು ಕೊಡುತ್ತೀರಿ ಅಂತ ಕೆಲಸ ಹಿಡಿಯುವ ದಿನವೇ ಕೇಳಿ ಬರೆದುಕೊಳ್ಳದ ನನ್ನದು.

ಲೆಕ್ಕ ಕಲಿಸಿದವರು ನಮ್ಮ ಆಡಿಟರ್. 100 ರೂಪಾಯಿಯ ಮಾಲಿಗೆ 20 ಸೇರಿಸಿ ಮಾರಿ, 20 ಪರ್ಸೆಂಟ್ ಲಾಭ ಅಂತ ಖುಷಿಯಲ್ಲಿದ್ದವನು ನಾನು. 120ರಲ್ಲಿ 20 ಅಂದರೆ 16.67, ಅಷ್ಟೇ. ಅದರ ಮೇಲೆ ಗುರುತಿನವರು ಅಂತ 10 ಪರ್ಸೆಂಟ್ ಬಿಟ್ಟರೆ 12 ರೂಪಾಯಿ ಹೋಯಿತು, ಉಳಿದದ್ದು 8. ಬಿಟ್ಟಿದ್ದು ಹತ್ತರಲ್ಲೊಂದು ಪಾಲು ಅಂದುಕೊಂಡಿದ್ದೆ, ನೋಡಿದರೆ ಲಾಭದಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಟ್ಟಿದ್ದೆ. ಬನವಾಸಿಗೆ ಹೋಗಿ ಬಂದರೆ 40 ಕಿ.ಮೀ. ದಾಟುತ್ತದೆ, ಆ ಪೆಟ್ರೋಲು, ಆ ಅರ್ಧ ದಿನ ಯಾವ ಬಿಲ್ಲಲ್ಲೂ ಇರಲಿಲ್ಲ. ಇವತ್ತಿಗೂ ಯಾರಾದರೂ ಬಂದು ಕೂತರೆ ಮೊದಲು ಈ ಲೆಕ್ಕವನ್ನೇ ಹಾಕಿ ತೋರಿಸುತ್ತೇನೆ. ಹೆಚ್ಚಿನವರ ಮುಖ ಅಲ್ಲೇ ಸಪ್ಪಗಾಗುತ್ತದೆ.

ಕರಾವಳಿಯ ಒಂದು ರೆಸಾರ್ಟ್ ನಮ್ಮ ಬಿಲ್ಲನ್ನು ಎಳೆದು ಎಳೆದು ಕೊನೆಗೆ ಕೊಡಲೇ ಇಲ್ಲ. ಕಾರವಾರದಲ್ಲಿ ಒಬ್ಬ ಅಧಿಕಾರಿ ಸಮಾಧಾನದಿಂದ ಕೂರಿಸಿ ವಿವರಿಸಿದರು. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ದಾಖಲಿಸುವುದು, ಅದನ್ನು ಮಾಡಿಸಿದ ಸಣ್ಣವರ ಬಿಲ್ಲನ್ನು, ಬರಹದ ಒಪ್ಪಂದ ಇದ್ದರೂ 45 ದಿನ ದಾಟಿಸುವಂತಿಲ್ಲ, ಇಲ್ಲದಿದ್ದರೆ 15 ದಿನ, 2006ರಿಂದಲೇ ಕಾಯ್ದೆ ಇದೆ. ನಾನು ನೋಂದಣಿ ಮಾಡಿಸಿರಲೇ ಇಲ್ಲ. ಅದಕ್ಕೆ ಶುಲ್ಕವೂ ಇಲ್ಲ ಅಂತ ಗೊತ್ತಾದದ್ದು, ಏಜೆಂಟನಿಗೆ 1,500 ಕೊಟ್ಟ ಮೇಲೆ.

ಇನ್ನು ನನ್ನನ್ನು ನಂಬಿದ ಮೊದಲ ಇಬ್ಬರು. ಕುಮಟಾದಲ್ಲಿ ಪಾರ್ಲರ್ ನಡೆಸುವ ಅಕ್ಕನಿಗೆ ಫೀಸು ಬೇಡ ಅಂದಿದ್ದೆ. "ಬಿಟ್ಟಿ ಹೇಳಿದ್ರೆ ನಾನು ಕೇಳೋದಿಲ್ಲ" ಅಂತ ಮುಂಗಡವಾಗಿ ಕೊಟ್ಟರು. ದರ ಕೇಳಲು ಹಿಂಜರಿಯಬೇಡಿ ಅಂತ ಪಾಠ ಹೇಳಲು ದೇವಿಮನೆ ಘಾಟಿ ಇಳಿದು ಹೋದವನೇ ಹಿಂಜರಿಯುತ್ತಿದ್ದೆ, ನೋಡಿ! ಇನ್ನೊಬ್ಬರು ಶಿರಸಿಯಲ್ಲೇ ಗೇಟು, ಗ್ರಿಲ್ ಮಾಡುವ ವೆಲ್ಡರ್. ಮೊದಲೆರಡು ಸಲ ನಾನು ಮೊಬೈಲ್ ವಿಡಿಯೋದವರ ಥರ ಗುರಿ, ಕನಸು ಅಂತೆಲ್ಲ ಮಾತಾಡಿದೆ. "ಅಣ್ಣಾ, ನಿಮ್ಮ ಮೋಟಾರ್ ಭಾಷೇಲೇ ಹೇಳಿ" ಅಂದ. ಹೇಳಿದೆ. ತ್ರೀ ಫೇಸ್ ಮೋಟಾರಿಗೆ ಒಂದು ಫೇಸ್ ಹೋದರೆ ಅದು ಅಲ್ಲೇ ನಿಲ್ಲುವುದಿಲ್ಲ, ಉಳಿದ ಎರಡರಲ್ಲೇ ಜಾಸ್ತಿ ಕರೆಂಟು ಎಳೆದು ತಿರುಗುತ್ತದೆ, ನೋಡುವವರಿಗೆ ಚೆನ್ನಾಗೇ ನಡೆಯುತ್ತಿದೆ ಅನ್ನಿಸುತ್ತದೆ, ಆಮೇಲೆ ಕಾಯಿಲ್ ಸುಡುತ್ತದೆ. ನಿನಗೆ ಕೆಲಸ ಇದೆ, ಕೈಚಳಕ ಇದೆ, ವಸೂಲಿ ಇಲ್ಲ. ಅವನು ಸುಮಾರು ಹೊತ್ತು ಮಾತೇ ಆಡಲಿಲ್ಲ.

ಕೊನೆಗೆ ಅಂಗಡಿ ವಹಿಸಿಕೊಂಡ ಹುಡುಗನಿಗೆ. ಮೂರು ವರ್ಷದ ಕಂತಿನಲ್ಲಿ ಕೊಡುತ್ತೇನೆ ಅಂದವನು ಒಂದು ಕಂತೂ ತಪ್ಪಿಸಿಲ್ಲ. ಹೋದ ತಿಂಗಳು ನಮ್ಮ ಮನೆ ಬಾವಿಯ ಪಂಪು ಕೆಟ್ಟಿತು. ಬಂದು ಸರಿ ಮಾಡಿ, ಅಮ್ಮ ಕೊಟ್ಟ ಚಹಾ ಕುಡಿದು ಹೋದ. ಸಂಜೆ ಮೊಬೈಲಿಗೆ ಬಿಲ್ ಬಂತು, ಮೊದಲ ಸಾಲಿನಲ್ಲೇ ವಿಸಿಟಿಂಗ್ ಚಾರ್ಜ್ 200. ನಾನು 18 ವರ್ಷದಲ್ಲಿ ಒಬ್ಬರಿಗೂ ಅದನ್ನು ಹಾಕಿರಲಿಲ್ಲ. ಹೆಂಡತಿ ಬಿದ್ದು ಬಿದ್ದು ನಕ್ಕಳು. ಅವತ್ತೇ ಕಟ್ಟಿದ್ದೇನೆ.