ಸುಮಾಳ ಸ್ಕ್ಯಾನ್ ವಿಚಾರ

ಬರ್ಮಿಂಗ್‌ಹ್ಯಾಮ್, 26-10-2025

ಅಮ್ಮ,

ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ, ಚಳಿ ಶುರುವಾಗಿದೆ. ಅಪ್ಪನ ಮಂಡಿನೋವಿನ ಬಗ್ಗೆ ಆಮೇಲೆ. ಮೊದಲು ಸುಮಾ ವಿಷಯ.

ಸ್ಕ್ಯಾನಿನಲ್ಲಿ ಹೊಟ್ಟೆಯ ಮಗುವಿಗೆ ಎಡಗಡೆ ಸೀಳುತುಟಿ ಕಂಡಿದೆ, ಸೆಪ್ಟೆಂಬರ್ 7ರ ಗ್ರಹಣದಲ್ಲಿ ಅವಳು ಈಳಿಗೆಮಣೆ ಮುಟ್ಟಿದ್ದೇ ಕಾರಣ ಅಂತ ಬೀಗಿತ್ತಿ ಹೇಳುತ್ತಿದ್ದಾರೆಂದು ಬರೆದಿದ್ದೀಯ. ಅವರಿಗೆ ಕ್ಯಾಲೆಂಡರ್ ತೋರಿಸು. ಗರ್ಭ ನಿಂತದ್ದು ಜೂನ್ ಮೊದಲ ವಾರ. ಮೇಲ್ತುಟಿ ಕೂಡುವ ಕೆಲಸ ಏಳನೇ ವಾರಕ್ಕೆ, ಅಂದರೆ ಜುಲೈ ಕೊನೆಗೇ ಮುಗಿದಿರುತ್ತದೆ. (ಡಾಕ್ಟರ್ ಹೇಳುವ ವಾರ ಕೊನೆಯ ಮುಟ್ಟಿನಿಂದ ಎಣಿಸಿದ್ದು, ಅದರಲ್ಲಿ ಎರಡು ಕಳೆಯಬೇಕು.) ಗ್ರಹಣ ಬರುವ ಹೊತ್ತಿಗೆ ಮುಖ ಆಗಿಹೋಗಿತ್ತು.

ನಾಲ್ಕನೇ ವಾರದಲ್ಲಿ ಬಾಯಿಯ ಜಾಗದಲ್ಲಿ ಇರುವುದು ಒಂದು ಗುಳಿ, ಸುತ್ತ ಐದು ಉಬ್ಬು: ಮೇಲೆ ಹಣೆ-ಮೂಗಿನದು ಒಂದು, ಅಕ್ಕಪಕ್ಕ ಮೇಲ್ದವಡೆಯವು ಎರಡು, ಕೆಳಗೆ ಕೆಳದವಡೆಯವು ಎರಡು. ಗುಳಿಯ ತಳದ ಪೊರೆ 26ನೇ ದಿನದ ಸುಮಾರಿಗೆ ಹರಿದು ಬಾಯಿ ಗಂಟಲಿಗೆ ಸೇರುತ್ತದೆ. ಉಬ್ಬುಗಳನ್ನು ತುಂಬುವ ಜೀವಕೋಶಗಳು ಬಹುಪಾಲು ಮಿದುಳಿನ ಮಗ್ಗುಲಿಂದ ಸರಿದು ಬಂದವು. ಅವು ಸಾಲದೆ ಹೋದರೆ ಉಬ್ಬು ಸಣ್ಣದಾಗಿ ಪಕ್ಕದ್ದನ್ನು ಮುಟ್ಟುವುದೇ ಇಲ್ಲ. ಕೆಳತುಟಿ, ಗದ್ದ ಮೊದಲೇ ಕೂಡಿಬಿಡುತ್ತವೆ, ಅಲ್ಲಿ ಸೀಳು ತೀರಾ ಅಪರೂಪ. ರಗಳೆಯೆಲ್ಲ ಮೇಲ್ತುಟಿಯದು. ಎರಡು ಮೂಗಿನ ಗುಳಿಗಳ ಒಳಅಂಚುಗಳು ನಡುವೆ ಸೇರಿ ತುಟಿಯ ಮಧ್ಯಭಾಗವೂ ಮುಂದಿನ ನಾಲ್ಕು ಬಾಚಿಹಲ್ಲಿನ ಜಾಗವೂ ಆಗುತ್ತವೆ. ಕೆನ್ನೆ ಕಡೆಯಿಂದ ಮೇಲ್ದವಡೆಯ ಉಬ್ಬು ಬಂದು ಅದಕ್ಕೆ ಕೂಡಬೇಕು. ಕರ್ಜಿಕಾಯಿಯ ಅಂಚು ಒತ್ತಿದ ಹಾಗೆ ತಾಗಿದರೆ ಸಾಲದು, ನಡುವಿನ ಪೊರೆ ಕರಗಿ ಎರಡೂ ಒಂದಾಗಬೇಕು. ಅದು ಆಗದಿದ್ದರೆ ಸೀಳು. ಅದಕ್ಕೇ ಸೀಳು ನಟ್ಟನಡುವೆ ಇರದೆ ಮೂಗಿನ ಹೊಳ್ಳೆಯ ಕೆಳಗಿರುತ್ತದೆ, ಎಡಕ್ಕೇ ಹೆಚ್ಚು. ಸುಮಾರು 700 ಮಕ್ಕಳಲ್ಲಿ ಒಂದಕ್ಕೆ ತುಟಿಯೋ ಅಂಗುಳೋ ಸೀಳಿರುತ್ತದೆ. ವಂಶದ್ದು ಸ್ವಲ್ಪ, ಹೊರಗಿನದು ಸ್ವಲ್ಪ: ಸಿಗರೇಟು, ಕೆಲವು ಮೂರ್ಛೆರೋಗದ ಮಾತ್ರೆ. ಸುಮಾಗೆ ಸಿಗರೇಟೂ ಇಲ್ಲ, ಆ ಮಾತ್ರೆಯೂ ಇಲ್ಲ. "ನಿಮ್ಮ ಕಡೆಯ ದೋಷ" ಅನ್ನುವವರ ಬಾಯಿಗೆ ಬೀಗ ಹಾಕು.

ಅಂಗುಳಿನದು ಬೇರೆ ಲೆಕ್ಕ. ನಾಲಿಗೆಯ ಎರಡು ಪಕ್ಕ ಕೆಳಮುಖವಾಗಿ ಬೆಳೆದ ಹಲಗೆಗಳು ಎಂಟನೇ ವಾರದ ಸುಮಾರಿಗೆ ಅಡ್ಡಕ್ಕೆ ಏಳುತ್ತವೆ, ನಾಲಿಗೆ ಜಾಗ ಬಿಡಬೇಕು. ಮುಂದಿನಿಂದ ಹಿಂದಕ್ಕೆ ಕೂಡುತ್ತಾ 12ನೇ ವಾರಕ್ಕೆ ಕಿರುನಾಲಿಗೆಯವರೆಗೆ ಮುಗಿಯುತ್ತದೆ. ಸ್ಕ್ಯಾನಿನಲ್ಲಿ ತುಟಿ ಕಂಡ ಹಾಗೆ ಅಂಗುಳು ಕಾಣದು. ಹುಟ್ಟಿದ ಕೂಡಲೇ ಟಾರ್ಚ್ ಹಾಕಿ ಹಿಂದಿನವರೆಗೂ ನೋಡಿಸಿ.

ತುಟಿ ಮಾತ್ರವಾದರೆ ಎದೆಹಾಲೇ ಸಾಕು, ಸಾಮಾನ್ಯವಾಗಿ ಮಗು ಹೇಗೋ ಹಿಡಿದುಕೊಳ್ಳುತ್ತದೆ. ಅಂಗುಳೂ ಸೀಳಿದ್ದರೆ ಹೀರುವ ಬಲ ಬರುವುದಿಲ್ಲ, ಹಾಲು ಮೂಗಿನಿಂದ ಬರುತ್ತದೆ. ಆಗ ಹಿಂಡಿದ ಹಾಲನ್ನು ತಲೆ ಎತ್ತಿ ಹಿಡಿದು ಒಳಲೆಯಲ್ಲಿ ನಿಧಾನ ಕೊಡಬೇಕು, ನಡುನಡುವೆ ತೇಗಿಸಬೇಕು. ಒಂದು ಸರ್ತಿಗೆ ಅರ್ಧ ಗಂಟೆ ಮೀರಿಸಬೇಡಿ, ಮಗು ಸುಸ್ತಾಗಿ ತೂಕ ಕಳೆದುಕೊಳ್ಳುತ್ತದೆ.

ಇಲ್ಲಿಯವರದು ತಮಾಷೆ. ಗಂಡೋ ಹೆಣ್ಣೋ ಎಂದು ಸ್ಕ್ಯಾನ್ ಕೋಣೆಯಲ್ಲೇ ಹೇಳಿಬಿಡುತ್ತಾರೆ, ನಮ್ಮಲ್ಲಾದರೆ 1994ರ ಕಾಯ್ದೆಯಲ್ಲಿ ಜೈಲು. ಸೀಳುತುಟಿ ಎಂದು ಗೊತ್ತಾದರೆ ಅದಕ್ಕೇ ಇರುವ ನರ್ಸ್ 24 ಗಂಟೆಯೊಳಗೆ ಮಾತಾಡಿಸುತ್ತಾಳೆ. ಆದರೆ ಆಪರೇಷನ್ ನಮ್ಮವರೂ ಕಡಿಮೆಯಿಲ್ಲದಂತೆ ಮಾಡುತ್ತಾರೆ. ಧಾರವಾಡದ ಎಸ್‌ಡಿಎಂ ಆಸ್ಪತ್ರೆಯಲ್ಲಿ ಇದಕ್ಕೇ ವಿಭಾಗವಿದೆ. ಸ್ಮೈಲ್ ಟ್ರೈನ್ ಎಂಬ ಸೇವಾಸಂಸ್ಥೆಯ ನೆರವಿರುವ ಆಸ್ಪತ್ರೆಗಳಲ್ಲಿ ಖರ್ಚೇ ಇಲ್ಲ, ಶೇಖರನಿಗೆ ಸಾಲ ಮಾಡಬೇಡ ಅನ್ನು. ತುಟಿಯ ಆಪರೇಷನ್ನಿಗೆ ಹಳೇ ಅಳತೆ: ವಯಸ್ಸು 10 ವಾರ, ತೂಕ 10 ಪೌಂಡು ಅಂದರೆ ನಾಲ್ಕೂವರೆ ಕಿಲೋ, ಹಿಮೋಗ್ಲೋಬಿನ್ 10. ಈಗ ಹೆಚ್ಚಾಗಿ ಮೂರರಿಂದ ಆರು ತಿಂಗಳಲ್ಲಿ ತುಟಿ, ಅಂಗುಳಿದ್ದರೆ ಒಂದು ವರ್ಷದ ಆಸುಪಾಸು. ಅಂಗುಳು ತಡವಾದರೆ ಮಾತು ಮೂಗಿನಲ್ಲೇ ಉಳಿಯುತ್ತದೆ, ಅದನ್ನು ಮಾತ್ರ ಮುಂದೂಡಬೇಡಿ.

ಚಿಂತೆ ಬೇಡ ಅಮ್ಮ, ಖಂಡಿತ ಬೇಡ, ರಿಪೋರ್ಟಿನ ಫೋಟೋ ಕಳಿಸು, ನೋಡುತ್ತೇನೆ. ಡ್ಯೂಟಿಗೆ ಹೊತ್ತಾಯಿತು. ಅಪ್ಪನ ಮಾತ್ರೆ ತಪ್ಪಿಸಬೇಡಿ.

ನಿನ್ನ,
ರಘು