ಶಾಂತವೇರಿ ಸದನದಲ್ಲಿ ಆಡಿದ ಮಾತನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಮಾರ್ಚ್ 14 ಮತ್ತು ಜೂನ್ 9 ಬಂತೆಂದರೆ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರನ್ನು ನೆನೆಯುವ ಲೇಖನಗಳು ಪತ್ರಿಕೆಗಳಲ್ಲಿ ಕಾಣಿಸುತ್ತವೆ. ಮೊದಲನೆಯದು ಅವರು 1923ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಹುಟ್ಟಿದ ದಿನ. ಎರಡನೆಯದು 1972ರಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ, ತೀರಿಕೊಂಡ ದಿನ. ಇಂಥ ಲೇಖನಗಳನ್ನು ಬಹಳ ಕಾಲದಿಂದ ಓದುತ್ತಾ ಬಂದಿರುವ ನನ್ನದೊಂದು ತಕರಾರಿದೆ. ಗೌಡರು ಆಸ್ತಿ ಮಾಡಲಿಲ್ಲ, ಅಧಿಕಾರಕ್ಕೆ ಆಸೆಪಡಲಿಲ್ಲ, ಕಷ್ಟದಲ್ಲೇ ಬದುಕು ಮುಗಿಸಿದರು ಎಂಬಲ್ಲಿಂದ ಹೊರಡುವ ಬರಹ, ಇಂದಿನ ರಾಜಕಾರಣಿಗಳಿಗೆ ನಾಲ್ಕು ಬೈಗುಳ ಹಾಕಿ ನಿಂತುಬಿಡುತ್ತದೆ. ಹೆಚ್ಚುಕಡಿಮೆ ಹದಿನಾಲ್ಕು ವರ್ಷ ಶಾಸಕರಾಗಿದ್ದ ಮನುಷ್ಯ ಆ ಕುರ್ಚಿಯಲ್ಲಿ ಕುಳಿತು ಮಾಡಿದ ಕೆಲಸವೇನು ಎಂಬ ಪ್ರಶ್ನೆಗೆ ಅಲ್ಲಿ ಒಂದು ಪ್ಯಾರಾ ಕೂಡ ಸಿಗುವುದಿಲ್ಲ.

ಅವರು ಶಾಸಕರಾದ ದಾರಿಯನ್ನೇ ನೋಡಿ. 1942ರ ಚಳವಳಿಯಲ್ಲಿ ಜೈಲು ಕಂಡಿದ್ದ ಗೌಡರು ಸಮಾಜವಾದಿ ಪಕ್ಷ ಸೇರಿ ರೈತರ ನಡುವೆ ಕೆಲಸಕ್ಕಿಳಿದರು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದ್ದರು. ಗೇಣಿ ಭತ್ತ ಅಳೆದುಕೊಳ್ಳಲು ಜಮೀನಿನ ಒಡೆಯರು ಇಟ್ಟುಕೊಂಡಿದ್ದ ಕೊಳಗ ರೂಢಿಯ ಅಳತೆಗಿಂತ ದೊಡ್ಡದಾಗಿತ್ತು. ಕಣದಲ್ಲಿ ರಾಶಿ ಅಳೆಯುವಾಗ ಪ್ರತಿ ಕೊಳಗಕ್ಕೂ ಒಂದಿಷ್ಟು ಹೆಚ್ಚು ಭತ್ತ ಒಡೆಯರ ಪಾಲಿಗೆ ಹೋಗುತ್ತಿದ್ದರೆ, ವರ್ಷವಿಡೀ ಕೆಸರಿನಲ್ಲಿ ನಿಂತು ದುಡಿದ ದೀವರ ಸಮುದಾಯದ ಗೇಣಿ ಕುಟುಂಬಕ್ಕೆ ಮಳೆಗಾಲ ದಾಟಿಸುವಷ್ಟೂ ಉಳಿಯುತ್ತಿರಲಿಲ್ಲ. ಪ್ರಶ್ನೆ ಕೇಳಿದವರನ್ನು ಗದ್ದೆಯಿಂದ ಎಬ್ಬಿಸಲಾಯಿತು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು, ಸಮಾಜವಾದಿ ಪಕ್ಷ ಅದರ ಬೆನ್ನಿಗೆ ನಿಂತಿತು, ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಗೌಡರು ಆ ಹೋರಾಟದ ಮುಂಚೂಣಿಯಲ್ಲಿದ್ದರು.

ಅದರ ಮರುವರ್ಷವೇ ಮೊದಲ ಸಾರ್ವತ್ರಿಕ ಚುನಾವಣೆ. ಇಪ್ಪತ್ತೊಂಬತ್ತರ ಹರೆಯದ, ಕೈಯಲ್ಲಿ ಕಾಸಿಲ್ಲದ ಈ ಅಭ್ಯರ್ಥಿ ‘ಒಂದು ಓಟು, ಒಂದು ನೋಟು’ ಎಂದು ಜನರನ್ನೇ ಬೇಡಿಕೊಂಡು ಸಾಗರ–ಹೊಸನಗರ ಕ್ಷೇತ್ರದಿಂದ ಗೆದ್ದು ಬಂದರು. ವಿಧಾನಸೌಧ ಆಗ ಇನ್ನೂ ಎದ್ದಿರಲಿಲ್ಲ. 1952ರ ಜೂನ್‌ನಲ್ಲಿ ಸದನ ಸೇರಿದ್ದು ಇಂದು ಹೈಕೋರ್ಟ್ ಇರುವ ಅಠಾರಾ ಕಚೇರಿಯಲ್ಲಿ. ಕಂದಾಯ ಖಾತೆ ಹೊಂದಿದ್ದ ಕಡಿದಾಳ್ ಮಂಜಪ್ಪನವರೂ ತೀರ್ಥಹಳ್ಳಿ ಸೀಮೆಯವರೇ, ಗೇಣಿ ಸಮಸ್ಯೆಯ ಒಳಹೊರಗು ಬಲ್ಲವರೇ. ಒಂದೇ ತಾಲ್ಲೂಕಿನ ಇಬ್ಬರು, ಒಬ್ಬರು ಆಡಳಿತ ಪಕ್ಷದಲ್ಲಿ, ಮತ್ತೊಬ್ಬರು ಎದುರಿನ ಸಾಲಿನಲ್ಲಿ. ಮಲೆನಾಡಿನ ಗದ್ದೆಯ ವಿಚಾರ ರಾಜ್ಯದ ಶಾಸನಸಭೆಗೆ ಬಂದ ಬಗೆಯನ್ನು ಅರಿಯಲು ಇವರಿಬ್ಬರನ್ನು ಒಟ್ಟಿಗೆ ಓದಬೇಕು ಎಂಬುದು ನನ್ನ ಎಣಿಕೆ.

1957ರಲ್ಲಿ ಗೌಡರು ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಮಂತ್ರಿ ಪದವಿಯತ್ತ ಸುಳಿಯದೆ ಕೊನೆಯವರೆಗೂ ವಿರೋಧ ಪಕ್ಷದಲ್ಲೇ ಉಳಿದರು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಿರಬೇಕು, ಆಡಳಿತ ಕನ್ನಡದಲ್ಲಿ ನಡೆಯಬೇಕು, ಉಳುವವನಿಗೆ ಭೂಮಿ ಸಿಗಬೇಕು ಎಂದು ಪಟ್ಟು ಹಿಡಿದು ವಾದಿಸಿದರು. 1961ರ ಭೂಸುಧಾರಣಾ ಕಾಯ್ದೆ 1965ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದಾಗ, ‘ಸ್ವಂತ ಸಾಗುವಳಿ’ಯ ಹೆಸರಿನಲ್ಲಿ ಒಡೆಯರು ಭೂಮಿ ಹಿಂಪಡೆಯುವ ಬಾಗಿಲು ಅದರಲ್ಲಿ ತೆರೆದೇ ಇತ್ತು. ಆ ಬಾಗಿಲು ಮುಚ್ಚಿದ್ದು ದೇವರಾಜ ಅರಸು ಅವರ ತಿದ್ದುಪಡಿ. ಅದು 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಅದಕ್ಕೂ ಮೊದಲೇ, 1973ರ ನವೆಂಬರ್ 1ರಂದು, ರಾಜ್ಯದ ಹೆಸರೂ ಬದಲಾಗಿತ್ತು. ಅರಸು ಮುಖ್ಯಮಂತ್ರಿಯಾಗಿ ಮೂರು ತಿಂಗಳು ತುಂಬುವ ಮೊದಲೇ ತೀರಿಕೊಂಡ ಗೌಡರು ಇವೆರಡನ್ನೂ ಕಾಣಲಿಲ್ಲ. ಮಲೆನಾಡಿನ ಹಳ್ಳಿಗಳಲ್ಲಿ ಈಗಲೂ ಹಿರಿಯರು ‘ಡಿಕ್ಲರೇಷನ್ ಕೊಟ್ಟು ಬಂದ ಜಮೀನು’ ಎನ್ನುತ್ತಾರೆ. ಗೇಣಿದಾರರು ಭೂಮಿಯ ಹಕ್ಕು ಕೋರುವ ಅರ್ಜಿಯಾದ ಫಾರಂ ನಂಬರ್ ಏಳರಲ್ಲಿ ಹೆಬ್ಬೆಟ್ಟು ಒತ್ತಿ ಜಮೀನಿನ ಒಡೆಯರಾದವರ ಮೊಮ್ಮಕ್ಕಳಲ್ಲಿ ಎಷ್ಟು ಮಂದಿಗೆ ಗೌಡರ ಹೆಸರು ಒಂದು ಸರ್ಕಲ್ಲಿನ ಹೆಸರಾಗಿ ಮಾತ್ರ ಗೊತ್ತಿದೆಯೋ ಏನೋ.

ಆದ್ದರಿಂದಲೇ ಸರಳತೆಯ ಹೊಗಳಿಕೆ ನನಗೆ ಕಿರಿಕಿರಿ ಎನಿಸುವುದು. ಸರಳವಾಗಿ ಬದುಕಿದವರು ಆ ಕಾಲದಲ್ಲಿ ಬೇರೆ ಪಕ್ಷಗಳಲ್ಲೂ ಇದ್ದರು. ವಿರೋಧ ಪಕ್ಷದ ಒಬ್ಬ ಸದಸ್ಯ, ಅಧಿಕಾರ ಇಲ್ಲದೆಯೂ, ಒಂದೇ ವಿಷಯವನ್ನು ಅಧಿವೇಶನದಿಂದ ಅಧಿವೇಶನಕ್ಕೆ ಎತ್ತಿ ಎತ್ತಿ ಆಡಳಿತ ಪಕ್ಷವೇ ಅದನ್ನು ತನ್ನ ಕಾರ್ಯಕ್ರಮವಾಗಿ ಒಪ್ಪಿಕೊಳ್ಳುವ ವಾತಾವರಣ ಕಟ್ಟಿದ್ದು ಅದಕ್ಕಿಂತ ಅಪರೂಪದ ಸಂಗತಿ. ಇದನ್ನು ಬದಿಗಿಟ್ಟು ಬರೀ ಬಡತನವನ್ನು ಪೂಜಿಸಿದರೆ, ಇಂದಿನ ಶಾಸಕರಿಗೆ ಕೈಮುಗಿದು ಹೂಮಾಲೆ ಹಾಕುವುದೂ ಸುಲಭವಾಗುತ್ತದೆ. ‘ನಮ್ಮಿಂದ ಹಾಗೆ ಬದುಕಲು ಆಗುವುದಿಲ್ಲ’ ಎಂದು ಅವರು ಧಾರಾಳವಾಗಿ ಒಪ್ಪಿಕೊಳ್ಳಬಲ್ಲರು. ‘ನೀವು ಸದನದಲ್ಲಿ ಏನು ಕೇಳಿದಿರಿ’ ಎಂಬ ಪ್ರಶ್ನೆಗೆ ಉತ್ತರಿಸುವುದು ಅಷ್ಟು ಸುಲಭವಲ್ಲ.

ಆ ಪ್ರಶ್ನೆ ಕೇಳಲು ಓದುಗರಿಗೆ ಸಾಮಗ್ರಿಯೂ ಸಿಗುತ್ತಿಲ್ಲ, ಇದರಲ್ಲಿ ಪತ್ರಿಕೆಗಳ ಪಾಲೂ ಇದೆ. ಶಾಸಕರ ಸುದ್ದಿ ಎಂದರೆ ಗುದ್ದಲಿ ಪೂಜೆ, ಅನುದಾನ, ಮದುವೆ ಮನೆಯ ಭೇಟಿ. ಅಧಿವೇಶನದ ಸುದ್ದಿ ಎಂದರೆ ಗದ್ದಲ, ಧರಣಿ, ಸಭಾತ್ಯಾಗ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದು, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಲು ದಾರಿ ಮಾಡಲಾಯಿತು. ಸರಿಯೋ ತಪ್ಪೋ, ಅದು ಕಾಗೋಡಿನಿಂದ ಆರಂಭವಾದ ಕಥೆಯ ಮುಂದುವರಿಕೆ. ಆ ಬಗ್ಗೆ ತಮ್ಮ ಕ್ಷೇತ್ರದ ಶಾಸಕರು ಏನೆಂದರು ಎಂದು ಕೇಳಿದರೆ ನಮ್ಮ ಕಡೆ ಹೇಳಬಲ್ಲವರು ಸಿಗುವುದು ಕಷ್ಟ.

ತಮ್ಮಲ್ಲಿ ನನ್ನ ಕೋರಿಕೆ ಎರಡೇ. ವಿಧಾನಸಭೆಯ ನಡವಳಿಯ ಸಂಪುಟಗಳಿಂದ ಗೇಣಿದಾರರ ಬಗ್ಗೆ, ಆಡಳಿತ ಭಾಷೆಯ ಬಗ್ಗೆ ಗೋಪಾಲಗೌಡರು ಆಡಿದ ಮಾತುಗಳನ್ನು, ಮಂತ್ರಿಗಳು ಕೊಟ್ಟ ಉತ್ತರ ಸಮೇತ, ಭಾನುವಾರದ ಪುರವಣಿಯಲ್ಲಿ ಕಂತುಗಳಾಗಿ ಪ್ರಕಟಿಸಬೇಕು. ಹಾಗೆಯೇ ಅಧಿವೇಶನ ನಡೆಯುವ ದಿನಗಳಲ್ಲಿ ಜಿಲ್ಲಾ ಪುಟದಲ್ಲಿ ನಮ್ಮ ಶಾಸಕರು ಕೇಳಿದ ಚುಕ್ಕೆ ಗುರುತಿನ (ಮಂತ್ರಿಗಳು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ) ಪ್ರಶ್ನೆಗಳನ್ನೂ ಅವಕ್ಕೆ ಬಂದ ಉತ್ತರಗಳನ್ನೂ ಕೊಡಬೇಕು. ಯಾರೂ ಏನೂ ಕೇಳದ ದಿನ ಆ ಜಾಗವನ್ನು ಬೇರೆ ಸುದ್ದಿಯಿಂದ ತುಂಬದೆ, ಶಾಸಕರ ಹೆಸರುಗಳೊಂದಿಗೆ ಖಾಲಿಯೇ ಬಿಟ್ಟರೆ ಇನ್ನೂ ಒಳ್ಳೆಯದು.

ತಮ್ಮ ವಿಶ್ವಾಸಿ,
ತೀರ್ಥಹಳ್ಳಿ ತಾಲ್ಲೂಕಿನ ಓದುಗ